ಜಾಲರಿ ಕಪಾಟಿನ ಎಡಬಾಗಿಲು

ಚಾಕ್ ಪೇಂಟ್ ಎಂಬ ಪದಾರ್ಥದ ಬಗ್ಗೆ ನನಗೆ ಮೊದಲ ದಿನದಿಂದಲೂ ಗೌರವವಿರಲಿಲ್ಲ. ಸುಣ್ಣದ ಗೋಡೆಯ ಮೇಲ್ಪದರವನ್ನು ಕಿತ್ತು ಮರಕ್ಕೆ ಅಂಟಿಸಿದಂತೆ ಕಾಣುವ ಬಣ್ಣ ಅದು. ಹೊಳಪಿಲ್ಲ, ನುಣುಪಿಲ್ಲ. ಅದನ್ನು ಹಚ್ಚುವವರು ಮಾಡುವ ಕೆಲಸ ಬಣ್ಣಕ್ಕಿಂತ ವಿಚಿತ್ರ. ಹಳೆಯ ಮೇಜು ತರುತ್ತಾರೆ. ಹೊಸದಾಗಿ ಕಾಣಲೆಂದು ಬಳಿಯುತ್ತಾರೆ. ಒಣಗಿದ ಮೇಲೆ ಅಂಚುಗಳನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಹಳೆಯದಾಗಿ ಕಾಣುವಂತೆ ಮಾಡುತ್ತಾರೆ. ಅದಕ್ಕೆ ಡಿಸ್ಟ್ರೆಸಿಂಗ್ ಎಂದು ಹೆಸರು. ಸುಮ್ಮನೆ ಬಿಟ್ಟಿದ್ದರೆ ಅದು ಹಳೆಯದಾಗಿಯೇ ಇರುತ್ತಿತ್ತು.

ನಾನು ಗರುಡಾಚಾರ್‌ಪಾಳ್ಯದ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷೆ ಮಾಡುತ್ತೇನೆ. ಕೂದಲೆಳೆಯಷ್ಟು ಗೀರು ಬಿದ್ದ ಬಿಡಿಭಾಗಕ್ಕೆ ಕೆಂಪು ಚೀಟಿ ಅಂಟಿಸುವುದು ನನ್ನ ದಿನದ ದುಡಿಮೆ. ಗೀರನ್ನೇ ಕಲೆಯೆಂದು ಮಾರುವವರ ಬಗ್ಗೆ ನನಗೆ ಏನನ್ನಿಸಬೇಕೋ ಅದೇ ಅನ್ನಿಸಿತು.

ಆದರೆ ಬಳಿಯುತ್ತಿದ್ದವಳು ನನ್ನ ಅಕ್ಕ, ನಾನು ಇದ್ದದ್ದು ಅವಳ ಮನೆಯಲ್ಲಿ. ಟಿನ್ ಫ್ಯಾಕ್ಟರಿಯ ಹಿಂದಿನ ಮೂರನೆಯ ಅಡ್ಡರಸ್ತೆ, ಮೊದಲನೆಯ ಮಹಡಿ. ಅಕ್ಕ, ಭಾವ, ಭಾವನ ತಾಯಿ, ನಾನು. ಭಾವನ ತಾಯಿಯನ್ನು ಅಕ್ಕನ ಹಾಗೆ ನಾನೂ ಅತ್ತೆ ಎಂದೇ ಕರೆಯುತ್ತೇನೆ.

ರೋಗ ಹತ್ತಿದ್ದು ಮೇ ಹದಿನೇಳು, ಶನಿವಾರ. ಇಂದಿರಾನಗರದಲ್ಲಿ ಮನೆ ಅಲಂಕಾರದ ಸಾಮಾನು ಮಾರುವ ಅಂಗಡಿಯೊಂದರ ಮಾಳಿಗೆಯಲ್ಲಿ ಈ ಬಣ್ಣ ಹಚ್ಚುವುದರ ಒಂದು ದಿನದ ತರಗತಿ. ಅಕ್ಕನಿಗೆ ಜೊತೆ ಬೇಕೆಂದು ನಾನೂ ಹೋಗಿ ಮೂಲೆಯಲ್ಲಿ ಕುಳಿತೆ. ಹದಿನಾಲ್ಕು ಮಂದಿ, ಎಲ್ಲರಿಗೂ ಒಂದೊಂದು ಏಪ್ರನ್, ಒಂದೊಂದು ಟ್ರೇ. ಹನ್ನೊಂದು ಮಂದಿ ಒಂದೇ ಬೂದುನೀಲಿ ಆರಿಸಿದರು. ಬಣ್ಣ ಹಚ್ಚಿದ್ದು ನಲವತ್ತು ನಿಮಿಷ, ಫೋಟೊ ತೆಗೆದುಕೊಂಡದ್ದು ಐವತ್ತೈದು ನಿಮಿಷ. ಅಂಗಡಿಯ ಒಡತಿಯೇ ಪಾಠ ಹೇಳಿದವರು. ‘ಮರ ನಿಮಗೆ ಏನು ಹೇಳ್ತಿದೆ, ಕೇಳಿಸ್ಕೊಳ್ಳಿ’ ಎಂದರು. ಟ್ರೇ ಮರದ್ದಲ್ಲ, ಒತ್ತಿದ ಹೊಟ್ಟಿನ ಹಲಗೆಯದ್ದು. ಅದಕ್ಕೆ ಹೇಳುವಂಥದ್ದು ಏನೂ ಇರಲಿಲ್ಲ. ಆದರೂ ಹದಿನಾಲ್ಕು ಮಂದಿಯೂ ತಲೆದೂಗಿದರು, ನನ್ನ ಅಕ್ಕನನ್ನೂ ಸೇರಿಸಿ.

ಅಕ್ಕನ ಕೈ ಮಾತ್ರ ಚೆನ್ನಾಗಿದೆ. ಅದನ್ನು ನಾನು ಅಂದೇ ಗಮನಿಸಿ ಡೈರಿಯಲ್ಲಿ ಬರೆದುಕೊಂಡಿದ್ದೆ: ‘ಬ್ರಷ್ ಗೆರೆ ನೇರ. ಅಂಚು ದಾಟಿಲ್ಲ.’ ಒಡತಿಯೂ ಗಮನಿಸಿದರು. ‘ಒಂದು ದೊಡ್ಡ ಪೀಸ್ ಮಾಡಿ. ಜುಲೈ ಕೊನೆ ಭಾನುವಾರ ನಾನೇ ಬಂದು ನೋಡ್ತೀನಿ. ಇಷ್ಟ ಆದ್ರೆ ಶಾಪಲ್ಲಿ ಇಟ್ಕೋತೀನಿ’ ಎಂದರು.

ಅಕ್ಕ ಹಿಂದೆ ನಾಲ್ಕು ವರ್ಷ ಒಂದು ಆಸ್ಪತ್ರೆಯ ರಿಸೆಪ್ಶನ್‌ನಲ್ಲಿ ಕೆಲಸ ಮಾಡಿ ಬಿಟ್ಟವಳು. ಈಗ ಭಾವ ತಮ್ಮ ಪರಿಚಯದ ದಂತವೈದ್ಯರೊಬ್ಬರಿಗೆ ಹೇಳಿ ಮಹದೇವಪುರದ ಕ್ಲಿನಿಕ್ಕಿನಲ್ಲಿ ಅದೇ ಬಗೆಯ ಕೆಲಸ ನೋಡಿಟ್ಟಿದ್ದರು. ಆಗಸ್ಟ್ ಒಂದರಿಂದ ಬರಬೇಕು. ಭಾವ ಕೆಟ್ಟವರಲ್ಲ. ವಾರಕ್ಕೆ ಮೂರು ದಿನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕಂಪನಿ ಕೆಲಸ ಮಾಡುತ್ತಿದ್ದರು. ಅವರ ಮೀಟಿಂಗುಗಳಲ್ಲಿ ನಮ್ಮ ಕುಕ್ಕರಿನ ವಿಷಲ್ ಕೇಳುತ್ತಿತ್ತು. ಬೀದಿ ಕಡೆಯ ಚಿಕ್ಕ ಕೋಣೆ ಸಿಕ್ಕಿದರೆ ಬಾಗಿಲು ಹಾಕಿಕೊಳ್ಳಬಹುದು. ಆ ಕೋಣೆಯಲ್ಲಿ ಅಕ್ಕನ ಸ್ಟೂಲು, ಡಬ್ಬ, ಚಿಂದಿಬಟ್ಟೆಗಳಿದ್ದವು.

‘ನಾನೇನೂ ಬೇಡ ಅಂತಿಲ್ಲ’ ಎಂದರು ಭಾವ. ‘ಜುಲೈ ಮುಗಿಯೋದ್ರೊಳಗೆ ಒಂದೇ ಒಂದು ಅಂಗಡಿಯವ್ರು ನಿನ್ನ ಸಾಮಾನು ಇಟ್ಕೊಂಡ್ರೆ ಸರಿ, ಆ ರೂಮು ನಿಂದೇ. ಇಲ್ದಿದ್ರೆ ಕ್ಲಿನಿಕ್‌ಗೆ ಹೋಗು, ರೂಮು ನಂಗೆ ಬಿಡು.’

‘ನಾಲ್ಕು ವರ್ಷ ಕೂತ್ಕೊಂಡು, ಡಾಕ್ಟ್ರು ಬರ್ತಾರೆ ಕೂತ್ಕೊಳ್ಳಿ ಅಂತ ಹೇಳಿದೀನಿ ರೀ’ ಎಂದಳು ಅಕ್ಕ. ‘ಡಾಕ್ಟ್ರು ಒಂದು ದಿನಾನೂ ಟೈಮಿಗೆ ಬರ್ಲಿಲ್ಲ. ಬೈಸ್ಕೊಂಡಿದ್ದೆಲ್ಲಾ ನಾನು. ಇನ್ನೊಂದ್ಸಲ ಆ ಕುರ್ಚಿ ಮೇಲೆ ಕೂರಲ್ಲ. ಜುಲೈಯೊಳಗೆ ಅಂಗಡಿಯವ್ರು ಇಟ್ಕೊಳ್ಳೋ ಹಾಗೇ ಮಾಡ್ತೀನಿ, ನೋಡಿ.’

ಅಲ್ಲಿಗೆ ಒಪ್ಪಂದವಾಯಿತು. ನಾನು ಡೈರಿಯಲ್ಲಿ ದಿನ ಎಣಿಸಿದೆ. ಜೂನ್ ಹದಿನೈದರಿಂದ ಜುಲೈ ಇಪ್ಪತ್ತೇಳರವರೆಗೆ ಏಳು ಭಾನುವಾರ.

ಮೊದಲನೆಯ ಭಾನುವಾರ ಶಿವಾಜಿನಗರ. ಹಳೆಯ ಪೀಠೋಪಕರಣಗಳ ಸಾಲಿನಲ್ಲಿ ಏಳು ಅಂಗಡಿ ನೋಡಿದೆವು. ಕಾಲು ಮುರಿದ ಮಂಚ, ಕನ್ನಡಿ ಇಲ್ಲದ ಚೌಕಟ್ಟು, ಒಂದರ ಮೇಲೊಂದು ತಲೆಕೆಳಗಾಗಿ ಕೂತ ಕುರ್ಚಿಗಳು. ಏಳನೆಯ ಅಂಗಡಿಯಲ್ಲಿ ಒಂದು ಕಪಾಟು ಇತ್ತು. ಎದೆಮಟ್ಟದ ಎತ್ತರ, ಎರಡು ಬಾಗಿಲು, ಬಾಗಿಲಿನ ನಡುವೆ ಹಲಗೆಯ ಬದಲು ತಂತಿಯ ಜಾಲರಿ. ಫ್ರಿಜ್ ಬರುವ ಮುಂಚೆ ಹಾಲು, ಬೆಣ್ಣೆ, ಮಾಂಸ ಇಡುತ್ತಿದ್ದ ಕಪಾಟು.

‘ಇದು ಅಸಲಿ ಸಾಗುವಾನಿ ಅಕ್ಕಾ’ ಎಂದರು ಅಂಗಡಿಯ ಯಜಮಾನರು. ‘ಕಂಟೋನ್ಮೆಂಟ್ ಬಂಗ್ಲೆ ಮಾಲು. ದೊರೆಸಾನಿ ಕೇಕ್ ಇಡ್ತಿದ್ಳು ಇದ್ರಲ್ಲಿ.’

ಆ ಸಾಲಿನ ಏಳು ಅಂಗಡಿಗಳ ಪೈಕಿ ಐದರಲ್ಲಿ ಆ ದೊರೆಸಾನಿ ಏನಾದರೊಂದು ಇಟ್ಟಿದ್ದಳು ಅಥವಾ ಏನಾದರೊಂದರ ಮೇಲೆ ಕುಳಿತಿದ್ದಳು. ಆದರೆ ಮರ ತೇಗವೇ ಆಗಿತ್ತು. ಬಾಗಿಲ ಕೆಳಗೆ ಉಗುರಿನಿಂದ ಕೆರೆದು ನೋಡಿದೆ.

‘ಬಿಳಿ ಚಾಕ್ ಪೇಂಟ್ ಹಚ್ತೀನಿ’ ಎಂದು ಅಕ್ಕ ತಾನಾಗಿಯೇ ಹೇಳಿದಳು, ಅವರು ಕೇಳಿದರೇನೋ ಎಂಬ ಹಾಗೆ.

ಯಜಮಾನರು ಅವಳನ್ನೂ ಕಪಾಟನ್ನೂ ನೋಡಿದರು. ‘ಸಾಗುವಾನಿಗೆ ಸುಣ್ಣ. ಹಚ್ಚಿ ಅಕ್ಕಾ, ನಿಮ್ದು ಮಾಲು. ಬಣ್ಣ ಹಚ್ಚಿ, ಬೆಂಕಿ ಹಚ್ಚಿ. ಆಟೋ ಮೇಲೆ ಹತ್ತಿಸಿದ್ಮೇಲೆ ವಾಪಸ್ ಮಾತ್ರ ಇಲ್ಲ.’

ಗೂಡ್ಸ್ ಆಟೋ ಹಲಸೂರು ದಾಟಿ ಟಿನ್ ಫ್ಯಾಕ್ಟರಿ ಮುಟ್ಟಲು ಒಂದು ಗಂಟೆ ನಲವತ್ತು ನಿಮಿಷ ತೆಗೆದುಕೊಂಡಿತು. ಅಷ್ಟು ಹೊತ್ತೂ ನಾನು ಯಜಮಾನರ ಪಕ್ಷದಲ್ಲೇ ಇದ್ದೆ.

ನಂತರದ ಎರಡು ವಾರ ಕಪಾಟು ತೊಳೆಯುವುದು, ಒಣಗಿಸುವುದು. ಆಮೇಲೆ ಬಣ್ಣ. ಅಂಗಡಿಯ ಡಬ್ಬದ ಚಾಕ್ ಪೇಂಟ್ ಬೇಡ, ಮನೆಯಲ್ಲೇ ಕಲಸಿಕೊಳ್ಳಬಹುದು ಎಂದು ಅಕ್ಕ ವಿಡಿಯೊಗಳಲ್ಲಿ ನೋಡಿದ್ದಳು. ಗೋಡೆಯ ಎಮಲ್ಶನ್, ಚಾಕ್ ಪೌಡರ್, ನೀರು. ಅವಳು ಪುಡಿಯನ್ನು ಹಿಡಿ ಲೆಕ್ಕದಲ್ಲಿ ಹಾಕಿ ಕಡ್ಡಿಯಲ್ಲಿ ತಿರುವಿದಳು. ಬಣ್ಣದಲ್ಲಿ ಉಪ್ಪಿಟ್ಟಿನ ಗಂಟುಗಳಂಥ ಗಂಟುಗಳು ಎದ್ದವು. ಅದನ್ನು ನೋಡಿಕೊಂಡು ಕೂರಲು ನನ್ನಿಂದಾಗಲಿಲ್ಲ.

‘ಕೊಡು ಇಲ್ಲಿ. ಇದೇನು ಬಜ್ಜಿ ಹಿಟ್ಟಾ?’ ಎಂದೆ.

‘ನಿಂಗೆ ಈ ಬಣ್ಣಾನೇ ಕಂಡ್ರಾಗಲ್ಲ. ಈಗ ಯಾಕೆ ಮಧ್ಯ ಬರ್ತೀಯಾ?’

‘ಕಂಡ್ರಾಗಲ್ಲ. ಆದ್ರೆ ಕೆಟ್ಟ ಕೆಲಸಾನ ಕೆಟ್ಟದಾಗಿ ಮಾಡೋದು ಇನ್ನೂ ಕಂಡ್ರಾಗಲ್ಲ.’

ಅಂದಿನಿಂದ ಕಲಸುವುದು ನನ್ನ ಪಾಲಿಗೆ ಬಂತು. ಅಡುಗೆಮನೆಯ ತಕ್ಕಡಿ, ಹಿಟ್ಟಿನ ಜರಡಿ, ಅಳತೆಯ ಲೋಟ. ಪುಡಿಯನ್ನು ಎರಡು ಸಲ ಜರಡಿ ಹಿಡಿದೆ. ತೂಕ ಬರೆದೆ, ಹೊತ್ತು ಬರೆದೆ. ಆ ಬಣ್ಣದಲ್ಲಿ ಅಕ್ಕ ಕಪಾಟಿನ ಬಲಬಾಗಿಲು, ಬಲಮಗ್ಗುಲು ಮುಗಿಸಿದಳು. ಮೂರು ಪದರ. ನಾನು ದ್ವೇಷಿಸುವ ಬಣ್ಣದಲ್ಲಿ ಅದಕ್ಕಿಂತ ಚೊಕ್ಕವಾದ ಕೆಲಸ ಸಾಧ್ಯವಿಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು.

ಜುಲೈ ಐದು, ಶನಿವಾರ. ಬೆಳಗಿನಿಂದ ಜಿಟಿಜಿಟಿ ಮಳೆ. ಚಾಕ್ ಪೌಡರ್ ಮುಗಿದಿತ್ತು. ಬಣ್ಣದಂಗಡಿ ಮುಖ್ಯರಸ್ತೆಯ ಆಚೆ. ಕೆಸರಿನಲ್ಲಿ ಹೋಗಿ ಬರಲು ನನಗೆ ಮನಸ್ಸಿರಲಿಲ್ಲ. ಬಾಗಿಲ ಪಕ್ಕ, ಚಪ್ಪಲಿ ಗೂಡಿನ ಮೇಲೆ ಅತ್ತೆಯ ರಂಗೋಲಿ ಡಬ್ಬಿ ಇತ್ತು. ಅತ್ತೆ ಹಲಸೂರಿನ ಮಗಳ ಮನೆಗೆ ಹೋಗಿದ್ದರು. ಡಬ್ಬಿಯ ತುಂಬ ಬೆಳ್ಳನೆಯ ಪುಡಿ.

‘ಅತ್ತೇನ ಒಂದು ಮಾತು ಕೇಳೋಣ ಕಣೇ’ ಎಂದಳು ಅಕ್ಕ.

‘ರಂಗೋಲಿ ಪುಡಿ ಅಂದ್ರೆ ಕಲ್ಲಿನ ಪುಡಿ. ಚಾಕ್ ಪೌಡರೂ ಕಲ್ಲಿನ ಪುಡಿ. ಕೇಳೋದೇನಿದೆ?’ ಎಂದೆ ನಾನು, ದಿನವಿಡೀ ಬಿಡಿಭಾಗಗಳಿಗೆ ಚೀಟಿ ಅಂಟಿಸುವವಳ ಗತ್ತಿನಲ್ಲಿ.

ನೂರೈವತ್ತು ಗ್ರಾಂ ತೂಗಿದೆ. ಜರಡಿಯಲ್ಲಿ ಅರ್ಧ ಸಲೀಸಾಗಿ ಇಳಿಯಿತು, ಅರ್ಧ ತರಿ ಉಳಿಯಿತು. ತರಿಯನ್ನು ಚೆಲ್ಲಿ, ಇಳಿದದ್ದನ್ನೇ ಮತ್ತೆ ನೂರೈವತ್ತಕ್ಕೆ ತುಂಬಿಸಿಕೊಂಡೆ. ಬಣ್ಣ ಬೆಣ್ಣೆಯಂತೆ ಬಂತು. ಈ ಸಲದ್ದು ಹೋದ ಸಲಕ್ಕಿಂತ ಮೇಲು ಎಂದು ಬರೆದೆ. ಎಡಬಾಗಿಲು, ಎಡಮಗ್ಗುಲು ಅದರಲ್ಲಿ ಮುಗಿದವು.

ಹನ್ನೆರಡನೆಯ ತಾರೀಖು ಅಕ್ಕ ಅಂಚುಗಳನ್ನು ಉಜ್ಜಿದಳು. ಉಜ್ಜಿದ ಪುಡಿ ಜಾಲರಿಯ ಸಂದಿಗೆ, ಕೀಲುಗಳ ಬುಡಕ್ಕೆ ಇಳಿಯಿತು. ಮರುದಿನ ಬೆಳಿಗ್ಗೆ ಏಳು ಗಂಟೆಗೆ ನಾನು ಹಲ್ಲುಜ್ಜುತ್ತ ಆ ಕೋಣೆಗೆ ಬಂದಾಗ ಕಪ್ಪು ಇರುವೆಗಳು ಕಿಟಕಿಯಿಂದ ಇಳಿದು, ನೆಲ ದಾಟಿ, ಕಪಾಟಿನ ಎಡಗಾಲು ಹತ್ತುತ್ತಿದ್ದವು. ಇಳಿಯುವ ಸಾಲಿನಲ್ಲಿ ಪ್ರತಿಯೊಂದರ ಬಾಯಲ್ಲೂ ಬಿಳಿಯ ಚುಕ್ಕೆ. ಗಡಿಯಾರ ನೋಡಿ ಎಣಿಸಿದೆ. ನಿಮಿಷಕ್ಕೆ ಐವತ್ತೆರಡು.

ಬಲಬಾಗಿಲಿನ ಮೇಲೆ ಒಂದೂ ಇರಲಿಲ್ಲ.

ಕಾರ್ಖಾನೆಯಲ್ಲಾದರೆ ಕಾರಣ ಹುಡುಕುವ ವಿಧಾನ ಒಂದೇ. ಸರಿಯಾದದ್ದಕ್ಕೂ ಕೆಟ್ಟದ್ದಕ್ಕೂ ಏನು ವ್ಯತ್ಯಾಸ ಎಂದು ನೋಡುವುದು. ಅದೇ ಎಮಲ್ಶನ್, ಅದೇ ಬ್ರಷ್, ಅದೇ ಕೈ. ಡೈರಿ ತೆಗೆಯುವ ಅಗತ್ಯವೂ ಬೀಳಲಿಲ್ಲ. ಅಕ್ಕ ಹಿಂದೆ ಬಂದು ನಿಂತಿದ್ದಳು. ಅವಳೂ ಲೆಕ್ಕ ಹಾಕಿ ಮುಗಿಸಿದ್ದಳು.

ಸೋಮವಾರ ಅತ್ತೆ ಹಲಸೂರಿನಿಂದ ಬಂದು, ಚಪ್ಪಲಿ ಬಿಡುವ ಮೊದಲೇ ಡಬ್ಬಿ ಎತ್ತಿ ನೋಡಿದರು. ‘ಯಾರು ಮುಟ್ಟಿದ್ದು ಇದನ್ನ?’

ಹೇಳಿದೆವು.

‘ಅದ್ರಲ್ಲಿ ಅರ್ಧಕ್ಕರ್ಧ ಅಕ್ಕಿಹಿಟ್ಟು ಇರುತ್ತಲ್ರಮ್ಮಾ. ಬರೀ ಕಲ್ಲುಪುಡಿ ಹಾಕಿದ್ರೆ ಇರುವೆಗೆ ಏನು ಬಂತು? ಬೆಳಿಗ್ಗೆ ಎದ್ದು ಬಾಗಿಲಿಗೆ ರಂಗೋಲಿ ಬಿಡೋದೇ ನಾಕು ಜೀವ ತಿನ್ಲಿ ಅಂತ.’ ಕೋಣೆಗೆ ಹೋಗಿ ಕಪಾಟನ್ನು ಸುತ್ತು ಹಾಕಿದರು. ನಿಜ ಹೇಳಬೇಕೆಂದರೆ ಅವರ ಮುಖದಲ್ಲಿ ಬೇಸರವಿರಲಿಲ್ಲ. ‘ಚೆನ್ನಾಗೇ ತಿಂದಿವೆ’ ಎಂದರು.

ಎರಡು ಸಲ ಜರಡಿ ಹಿಡಿದು, ಕಲ್ಲಿನ ತರಿಯನ್ನು ಚೆಲ್ಲಿ, ನಯವಾದ ಅಕ್ಕಿಹಿಟ್ಟನ್ನೇ ಆರಿಸಿ ಬಣ್ಣಕ್ಕೆ ಬೆರೆಸಿದವಳು ನಾನು. ಬೆಪ್ಪರೂ ಮಾಡುವ ತಪ್ಪಲ್ಲ ಅದು. ಬೆಪ್ಪರು ಜರಡಿ ಹಿಡಿಯುವುದಿಲ್ಲ.

ಅಕ್ಕ ನನ್ನೊಡನೆ ಮಾತು ಬಿಟ್ಟಳು. ಉಳಿದದ್ದು ಹದಿಮೂರು ದಿನ. ಎಡಬಾಗಿಲಿನ ಬಣ್ಣ ಕೆರೆದು ಮತ್ತೆ ಮೂರು ಪದರ ಹಚ್ಚಬೇಕೆಂದರೆ ಆ ಮಳೆಯ ತೇವಕ್ಕೆ ಪದರಕ್ಕೆ ಮೂರು ದಿನ ಬೇಕು, ಮೇಲೆ ಮೇಣ ಹಚ್ಚಿದರೆ ಅದು ಗಟ್ಟಿಯಾಗಲು ಒಂದು ವಾರ. ಲೆಕ್ಕ ಕೂಡಲಿಲ್ಲ. ಇರುವೆಗೆ ಗೆರೆ ಎಳೆಯುವ ವಿಷದ ಸೀಮೆಸುಣ್ಣ ತಂದೆ. ಅತ್ತೆ ಅದನ್ನು ಕೈಯಿಂದ ಕಿತ್ತುಕೊಂಡರು. ‘ಊಟಕ್ಕೆ ಕರೆದು ವಿಷ ಇಡ್ತಾರಾ?’ ಎಂದರು. ಬದಲಿಗೆ ಕಿಟಕಿಯ ಕಟ್ಟೆಗೆ ಹೋದರು. ಕಪಾಟಿನ ಜೊತೆ ಅಂಗಡಿಯ ಯಜಮಾನರು ನಾಲ್ಕು ಕಲ್ಲಿನ ಬಟ್ಟಲು ಕೊಟ್ಟಿದ್ದರು. ಮುದ್ದಾಗಿವೆ ಎಂದು ಅಕ್ಕ ಅವುಗಳಲ್ಲಿ ಕಳ್ಳಿಗಿಡ ನೆಟ್ಟಿದ್ದಳು. ಅತ್ತೆ ಕಳ್ಳಿಯನ್ನು ಕಿತ್ತು, ಬಟ್ಟಲು ತೊಳೆದು, ಕಪಾಟಿನ ನಾಲ್ಕು ಕಾಲುಗಳನ್ನೂ ಅವುಗಳಲ್ಲಿ ಇಡಿಸಿ ನೀರು ತುಂಬಿಸಿದರು. ಆ ಬಟ್ಟಲುಗಳು ಇದ್ದದ್ದೇ ಅದಕ್ಕೆ. ತರಗತಿಗೆ ಹೋಗಿ ಬಂದ ಇಬ್ಬರಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ. ಸಂಜೆಯೊಳಗೆ ಇರುವೆಗಳ ಸಾಲು ನಿಂತುಹೋಯಿತು.

ಇಪ್ಪತ್ತರಂದು ಅಕ್ಕ ಇಡೀ ಕಪಾಟಿಗೆ ಮೇಣ ಹಚ್ಚಿದಳು. ಎಡಬಾಗಿಲಿನ ಅಂಚುಗಳಲ್ಲಿ ಬಣ್ಣ ಅಲ್ಲಲ್ಲಿ ಅಂಕುಡೊಂಕಾಗಿ ಹೋಗಿ, ಚಿಕ್ಕ ಚಿಕ್ಕ ಗುಳಿ ಬಿದ್ದು, ಕೆಳಗಿನ ತೇಗ ಇಣುಕುತ್ತಿತ್ತು. ನನ್ನ ಕಾರ್ಖಾನೆಯಲ್ಲಾಗಿದ್ದರೆ ಅಂಥದ್ದಕ್ಕೆ ಚೀಟಿ ಸಾಲುತ್ತಿರಲಿಲ್ಲ.

ಜುಲೈ ಇಪ್ಪತ್ತೇಳು, ಭಾನುವಾರ, ಹನ್ನೊಂದು ಗಂಟೆ ಹತ್ತು ನಿಮಿಷ. ಅಂಗಡಿಯ ಒಡತಿ ಬಂದರು. ಅಕ್ಕ ಕಪಾಟನ್ನು ಬಲಬಾಗಿಲು ಬೆಳಕಿಗೆ ಬರುವಂತೆ ಓರೆಯಾಗಿ ನಿಲ್ಲಿಸಿದ್ದಳು. ಭಾವ ಬಾಗಿಲಿನಲ್ಲಿ ನಿಂತು ಫೋನ್ ನೋಡುವವರಂತೆ ನಟಿಸುತ್ತಿದ್ದರು. ಅತ್ತೆ ಮೊರ ಇಟ್ಟುಕೊಂಡು ಹುರುಳಿಕಾಯಿ ಬಿಡಿಸುತ್ತಿದ್ದರು.

ಒಡತಿ ಬಲಬಾಗಿಲನ್ನು ಎರಡು ಕ್ಷಣ ನೋಡಿದರು. ‘ನೀಟಾಗಿದೆ. ಸ್ವಲ್ಪ ಫ್ಲಾಟ್ ಅನ್ಸುತ್ತೆ, ಅಲ್ವಾ?’ ಎಂದರು. ಮೂರು ಪದರ, ಹನ್ನೊಂದು ಗಂಟೆಯ ಕೆಲಸ. ಆಮೇಲೆ ಸುತ್ತಿಕೊಂಡು ಎಡಕ್ಕೆ ಹೋದವರು ಮಂಡಿಯೂರಿ ಕುಳಿತೇಬಿಟ್ಟರು. ‘ಓ, ಈ ಎಡ್ಜ್ ನೋಡಿ. ಸೋ ಆಥೆಂಟಿಕ್. ನಾನು ಹತ್ತು ವರ್ಷದಿಂದ ಡಿಸ್ಟ್ರೆಸಿಂಗ್ ಮಾಡ್ತಿದೀನಿ, ನಂಗೂ ಹಿಂಗೆ ಬಂದಿಲ್ಲ. ಯಾವ ಟೆಕ್ನಿಕ್ ಇದು?’

ಬೆರಳಿನಿಂದ ಇರುವೆ ಕಡಿದ ಗುಳಿಗಳನ್ನು ಒಂದೊಂದಾಗಿ ಸವರುತ್ತಿದ್ದರು. ಹತ್ತು ವರ್ಷ. ಹದಿನಾಲ್ಕು ಹದಿನಾಲ್ಕು ಮಂದಿಯನ್ನು ಕೂರಿಸಿಕೊಂಡು ಮರದ ಮಾತು ಕೇಳಿಸಿಕೊಳ್ಳಿ ಎಂದವರು. ನಾನು ಅಕ್ಕನ ಕಡೆ ನೋಡಿದೆ. ಸುಮ್ಮನಿದ್ದರೆ ಸಾಕಿತ್ತು. ‘ನಮ್ಮ ಮನೇದೇ ಒಂದು ವಿಧಾನ ಮೇಡಂ’ ಎಂದಿದ್ದರೂ ಸಾಕಿತ್ತು. ಸುಳ್ಳೂ ಆಗುತ್ತಿರಲಿಲ್ಲ.

‘ಅದು ನಾನು ಮಾಡಿದ್ದಲ್ಲ ಮೇಡಂ’ ಎಂದಳು ಅಕ್ಕ. ‘ಇರುವೆ ತಿಂದಿದ್ದು.’

ಒಡತಿ ನಕ್ಕರು. ‘ಯು ಆರ್ ಫನ್ನಿ.’

‘ತಮಾಷೆ ಅಲ್ಲ. ಬಣ್ಣಕ್ಕೆ ಅಕ್ಕಿಹಿಟ್ಟು ಸೇರ್ಕೊಂಡ್ಬಿಟ್ಟಿತ್ತು.’

‘ಅರ್ಧಕ್ಕರ್ಧ’ ಎಂದರು ಅತ್ತೆ, ಹುರುಳಿಕಾಯಿಯಿಂದ ತಲೆ ಎತ್ತದೆ. ‘ನಂದೇ ಡಬ್ಬಿ.’

ಒಡತಿ ಬೆರಳನ್ನು ಹಿಂದಕ್ಕೆ ತೆಗೆದುಕೊಂಡು ದುಪಟ್ಟಾಗೆ ಒರೆಸಿದರು. ‘ಈಗಲೂ ಇದ್ಯಾ?’

‘ಇಲ್ಲ. ಹದಿಮೂರು ದಿನದಿಂದ ಒಂದೂ ಹತ್ತಿಲ್ಲ’ ಎಂದೆ ನಾನು. ಆ ಹೊತ್ತಿಗೆ ನನ್ನ ಬಳಿ ಇದ್ದ ಉಪಯೋಗಕ್ಕೆ ಬರುವ ಲೆಕ್ಕ ಅದೊಂದೇ.

ಅವರು ಯೋಚಿಸಿದರು. ಎದ್ದು ನಿಂತು, ದೂರದಿಂದ ಒಂದು, ಹತ್ತಿರದಿಂದ ಎರಡು ಫೋಟೊ ತೆಗೆದರು. ಎಲ್ಲವೂ ಎಡಬಾಗಿಲಿನದ್ದೇ. ‘ಕಸ್ಟಮರ್‌ಗೆ ಹೇಳೋದು ಬೇಡ. ಇದನ್ನ ಶಾಪಲ್ಲಿ ಇಟ್ಕೋತೀನಿ. ಇದೇ ಫಿನಿಶಲ್ಲಿ ಇನ್ನೂ ಎರಡು ಮಾಡ್ಕೊಡಿ.’

‘ಬಲಗಡೆ ಥರ ಮಾಡ್ಕೊಡ್ತೀನಿ’ ಎಂದಳು ಅಕ್ಕ.

‘ಬಲಗಡೆ ಥರ ಎಲ್ರೂ ಮಾಡ್ತಾರೆ ಡಿಯರ್.’

‘ಎಡಗಡೆ ಥರ ಮಾಡೋರು ಕಿಟಕಿ ಹತ್ರ ಸಿಗ್ತಾರೆ. ಅವ್ರಿಗೆ ನಾನು ಡೇಟ್ ಹೇಳಕ್ಕಾಗಲ್ಲ ಮೇಡಂ.’

ಭಾವ ಫೋನನ್ನು ಜೇಬಿಗೆ ಹಾಕಿಕೊಂಡರು. ಒಡತಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಉಳಿದದ್ದು ಆಮೇಲೆ ನೋಡೋಣ, ಇದನ್ನಂತೂ ಬುಧವಾರ ಕಳಿಸಿ ಎಂದು ಹೇಳಿ, ಅತ್ತೆ ಕೊಟ್ಟ ಕಾಫಿಯನ್ನು ಅರ್ಧ ಕುಡಿದು ಹೋದರು.

ಅಕ್ಕ ಕಪಾಟಿನ ಮುಂದೆ ನೆಲದ ಮೇಲೆ ಕುಳಿತಳು. ಎರಡು ವಾರದಲ್ಲಿ ಮೊದಲ ಸಲ ನನ್ನ ಕಡೆ ತಿರುಗಿ ಮಾತಾಡಿದಳು. ‘ಅವ್ಳಿಗೆ ಏನೂ ಗೊತ್ತಿಲ್ಲ ಕಣೇ.’

ಮೇ ತಿಂಗಳಿನಿಂದ ನಾನು ಹೇಳುತ್ತ ಬಂದದ್ದು ಅದನ್ನೇ. ಅವಳ ಬಾಯಿಂದ ಕೇಳಿದಾಗ ಖುಷಿಯಾಗಲಿಲ್ಲ. ಆ ಒಡತಿಯ ಒಂದು ಮೆಚ್ಚುಗೆಗಾಗಿ ಅಕ್ಕ ಬಲಬಾಗಿಲಿನ ಮೇಲೆ ಹನ್ನೊಂದು ಗಂಟೆ ಬಗ್ಗಿದ್ದಳು.

‘ಹಾಗಿದ್ರೆ ಇದು ಲೆಕ್ಕಕ್ಕೆ ಬರುತ್ತಾ?’ ಎಂದರು ಭಾವ. ‘ಅವ್ರು ಇಟ್ಕೊಂಡಿದ್ದು ಇರುವೆ ಕೆಲ್ಸ ತಾನೇ?’

‘ನೀವು ಹೇಳಿದ್ದು, ಒಂದು ಅಂಗಡಿಯವ್ರು ಇಟ್ಕೊಂಡ್ರೆ ಅಂತ. ಯಾವ ಬಾಗಿಲು ಅಂತ ಹೇಳಿರ್ಲಿಲ್ಲ’ ಎಂದಳು ಅಕ್ಕ. ‘ಆದ್ರೂ ನಿಮ್ಗೆ ಸರಿ ಇಲ್ಲ ಅನ್ಸಿದ್ರೆ ಹೇಳಿ. ಕ್ಲಿನಿಕ್‌ಗೆ ಹೋಗಲ್ಲ. ಆದ್ರೆ ರೂಮು ಬಿಡ್ತೀನಿ. ಟೆರೇಸ್ ಮೇಲೆ ಮಾಡ್ಕೋತೀನಿ.’

ಭಾವ ಕಪಾಟಿನ ಹತ್ತಿರ ಹೋದರು. ನನಗೆ ಆಶ್ಚರ್ಯವಾದದ್ದು, ಅವರು ಬಗ್ಗಿ ನೋಡಿದ್ದು ಬಲಬಾಗಿಲನ್ನು. ಕೈಯಾಡಿಸಿದರು. ಬಾಗಿಲು ತೆರೆದು, ಒಳಮೈಯನ್ನೂ ನೋಡಿ, ಮುಚ್ಚಿದರು. ಆಮೇಲೆ ವರಾಂಡಕ್ಕೆ ಹೋಗಿ ದಂತವೈದ್ಯರಿಗೆ ಫೋನ್ ಮಾಡಿದರು. ‘ಸರ್, ಅವ್ಳು ಬರಲ್ಲ ಸರ್. ಇಲ್ಲ, ಹುಷಾರಾಗೇ ಇದಾಳೆ. ಮನೇಲೇ ಕೆಲ್ಸ ಇದೆ ಅವ್ಳಿಗೆ’ ಎನ್ನುವುದು ಕೇಳಿಸಿತು.

ಆ ಬಿಳಿ ಬಣ್ಣ ನನಗೆ ಇವತ್ತಿಗೂ ಸೇರುವುದಿಲ್ಲ. ಒಡತಿಯ ಅಂಗಡಿಯ ಮುಂದೆ ಹೋಗುವಾಗ ಗಾಜಿನಾಚೆ ಎಡಬಾಗಿಲು ಬೀದಿಗೆ ಕಾಣುವಂತೆ ನಿಂತ ನಮ್ಮ ಕಪಾಟನ್ನು ಎರಡು ಸಲ ನೋಡಿದೆ. ಎರಡು ಸಲವೂ ಯಾರೋ ಅದರ ಮುಂದೆ ನಿಂತು ಫೋಟೊ ತೆಗೆಯುತ್ತಿದ್ದರು. ಅವರ ಬಗ್ಗೆ ಡೈರಿಯಲ್ಲಿ ಬರೆದದ್ದನ್ನು ಇಲ್ಲಿ ಎತ್ತಿ ಹೇಳುವುದಿಲ್ಲ.

ಆಗಸ್ಟ್ ಎರಡು, ಶನಿವಾರ ಅಕ್ಕ ಶಿವಾಜಿನಗರಕ್ಕೆ ಒಬ್ಬಳೇ ಹೋಗಿ ಒಂದು ಪುಟ್ಟ ಬರೆಯುವ ಮೇಜು ತಂದಳು. ಚಿಕ್ಕ ಕೋಣೆಯಲ್ಲಿ ಹಳೆಯ ಪತ್ರಿಕೆಗಳನ್ನು ಹಾಸಿದಳು. ನಾನು ತಕ್ಕಡಿ, ಜರಡಿ ಹಿಡಿದುಕೊಂಡು ಹೋದೆ.

‘ಅಲ್ಲೇ ಇಟ್ಟು ಹೋಗು’ ಎಂದಳು, ಬಣ್ಣದಂಗಡಿಯ ಪೊಟ್ಟಣ ಬಿಚ್ಚುತ್ತ. ‘ತೂಕ ನಾನೇ ಹಾಕ್ಕೋತೀನಿ.’